ಬೇಕರಿಗೆ ಹಳೇ ವ್ಯಾನ್: ಓಮ್ನಿಯೋ, ಈಕೋನೋ?

ಊರೊಳಗೆ ಬ್ರೆಡ್, ಬನ್ ಹಂಚೋಕೆ ಸೆಕೆಂಡ್ ಹ್ಯಾಂಡ್ ಓಮ್ನಿ ಸಾಕಾ, ಈಕೋ ಬೇಕಾ ಅಂತ ಕೇಳಿದ್ದೀರಿ. ನನ್ನ ಓಟು ಈಕೋ ಕಾರ್ಗೋಗೆ, ಅಂದರೆ ಈಕೋದ ಸರಕು ಸಾಗಿಸೋ ಮಾದರಿಗೆ. ಓಮ್ನಿ ತಯಾರಿಕೆ 2019ರಲ್ಲೇ ನಿಂತಿದೆ. ಅಗ್ಗ ನಿಜ, ಆದರೆ ಈಗ ಸಿಗೋದೆಲ್ಲ ಚೆನ್ನಾಗಿ ದುಡಿದ ಗಾಡಿಗಳೇ ಅಲ್ವಾ? ಟಾಟಾ ಏಸ್ ಬರೀ ಬ್ರೆಡ್ಡಿಗೆ ಜಾಸ್ತಿಯಾಯಿತು.

ಎಂಜಿನ್‌ಗಿಂತ ಮೊದಲು ಕಾಗದ ನೋಡಿ. ಆರ್‌ಸಿಯಲ್ಲಿ ಸರಕು ವಾಹನ ಅಂತಲೇ ಇರಬೇಕು, ಹಳದಿ ಬೋರ್ಡ್. ಸೀಟು ಕಿತ್ತ ಬಿಳಿ ಬೋರ್ಡ್ ಗಾಡಿ ಕಡಿಮೆಗೆ ಸಿಗುತ್ತದೆ, ಬೇಡ. ಹಿಡಿದರೆ ದಂಡ, ಅಪಘಾತವಾದರೆ ವಿಮೆಗೂ ತಕರಾರು. ಎಫ್‌ಸಿ (ಗಾಡಿ ಓಡಿಸೋಕೆ ಯೋಗ್ಯ ಅನ್ನೋ ಪ್ರಮಾಣಪತ್ರ) ಎಲ್ಲಿವರೆಗಿದೆ ಕೇಳಿ. 8 ವರ್ಷ ದಾಟಿದ ಮೇಲೆ ಪ್ರತಿ ವರ್ಷ ಮಾಡಿಸಬೇಕು. ಗಾಡಿ ಮೇಲೆ ಸಾಲ ಇದ್ದಿದ್ದರೆ ಸಾಲ ತೀರಿದೆ ಅನ್ನೋ ಬ್ಯಾಂಕಿನ ಪತ್ರ (ಎನ್‌ಒಸಿ) ಕೈಗೆ ಬರೋವರೆಗೆ ಪೂರ್ತಿ ದುಡ್ಡು ಕೊಡಬೇಡಿ.

ನೋಡೋಕೆ ಬೆಳಿಗ್ಗೆ ಹೋಗಿ, ಎಂಜಿನ್ ತಣ್ಣಗಿರಲಿ. ಮೊದಲೇ ಬಿಸಿ ಮಾಡಿಟ್ಟಿದ್ದರೆ ಸ್ವಲ್ಪ ಅನುಮಾನ ಪಡಿ. ಈಕೋ ಎಂಜಿನ್ ಮುಂದಿನ ಸೀಟಿನ ಕೆಳಗಿರುತ್ತದೆ. ಸೀಟು ಎತ್ತಿಸಿ ಆಯಿಲ್ ಸೋರಿಕೆ ನೋಡಿ, ಹಿಂದೆ ಮ್ಯಾಟ್ ಎತ್ತಿ ತುಕ್ಕು ನೋಡಿ. ಸಿಎನ್‌ಜಿ ಆದರೆ ಸಿಲಿಂಡರ್ ಪರೀಕ್ಷೆ 3 ವರ್ಷಕ್ಕೊಮ್ಮೆ ಆಗಿರಬೇಕು. ಹೊರಗೆ ಹಾಕಿಸಿದ ಕಿಟ್ ಆರ್‌ಸಿಯಲ್ಲಿ ಇಲ್ಲದಿದ್ದರೆ ಆ ಗಾಡಿ ಬಿಟ್ಟುಬಿಡಿ.