‘ಚಾರ್ಜ್’ ಅನ್ನೋ ಒಂದೇ ಪದಕ್ಕೆ ಇಷ್ಟೊಂದು ಅರ್ಥ ಯಾಕೆ?

ಮೊಬೈಲ್ ಚಾರ್ಜು, ಬಸ್ ಚಾರ್ಜು, ಚಾರ್ಜ್‌ಶೀಟು, ಲಾಠಿ ಚಾರ್ಜು, ‘ಹೊಸ ಸಾಹೇಬರು ಚಾರ್ಜ್ ತಗೊಂಡ್ರು’. ಇವಕ್ಕೆಲ್ಲ ಒಂದಕ್ಕೊಂದು ಏನು ಸಂಬಂಧ, ಪರೀಕ್ಷೆಗೆ ಓದುವಾಗ ತಲೆ ಕೆಡ್ತಿದೆ ಅಂತ ಕೇಳಿದ್ದೀರಿ. ಸಂಬಂಧ ಇದೆ. ಎಲ್ಲದರ ಬುಡದಲ್ಲೂ ಇರೋದು ಹೊರೆ.

ಲ್ಯಾಟಿನ್‌ನಲ್ಲಿ ‘ಕಾರುಸ್’ ಅಂದರೆ ಬಂಡಿ. ಬಂಡಿಗೆ ಹೇರು ಹಾಕುವುದಕ್ಕೆ ಅದರಿಂದಲೇ ಒಂದು ಪದ ಹುಟ್ಟಿತು. ಅದು ಫ್ರೆಂಚ್ ದಾಟಿ ಇಂಗ್ಲಿಷಿಗೆ ಬಂದು ಚಾರ್ಜ್ ಆಯಿತು. ಕಾರು, ಕಾರ್ಗೋ ಕೂಡ ಇದೇ ಮನೆತನ.

ಈಗ ನೋಡಿ. ದುಡ್ಡಿನ ಹೊರೆ ಹಾಕಿದರೆ ಬಸ್ ಚಾರ್ಜು. ಕೆಲಸದ ಹೊಣೆ ಹೊರಿಸಿದರೆ ಇನ್‌ಚಾರ್ಜು. ತಪ್ಪು ಹೊರಿಸಿದರೆ ಚಾರ್ಜ್‌ಶೀಟು. ನಾವೇನು ಕಮ್ಮಿಯಾ? ತೆರಿಗೆ ಹೇರುತ್ತೇವೆ, ಹೊಣೆ ಹೊರುತ್ತೇವೆ, ಆರೋಪ ಹೊರಿಸುತ್ತೇವೆ. ಸರ್ಕಾರಿ ಆಫೀಸಿನ ‘ಪ್ರಭಾರ’ದಲ್ಲೂ ಭಾರ ಇದೆ ಅಲ್ವಾ?

ನಾನಿರೋದು ಬಳ್ಳಾರಿ ಜಿಲ್ಲೆಯ ತೋರಣಗಲ್ಲು ಕಡೆ. ಇಲ್ಲಿ ಹೇರು ತುಂಬುವ ಆ ಹಳೇ ಅರ್ಥ ಇವತ್ತಿಗೂ ದಿನಾ ಬಳಕೆಯಲ್ಲಿದೆ. ಉಕ್ಕಿನ ಕಾರ್ಖಾನೆಯ ಬ್ಲಾಸ್ಟ್ ಫರ್ನೇಸಿಗೆ (ಅದಿರು ಕರಗಿಸುವ ದೊಡ್ಡ ಕುಲುಮೆಗೆ) ಮೇಲಿನಿಂದ ಒಂದು ಪದರ ಕೋಕ್ (ಕಲ್ಲಿದ್ದಲಿನಿಂದ ಮಾಡಿದ ಇಂಧನ), ಒಂದು ಪದರ ಅದಿರು ಅಂತ ಸುರಿಯುತ್ತಾ ಹೋಗುತ್ತಾರೆ. ಅದಕ್ಕೆ ಚಾರ್ಜಿಂಗ್ ಅನ್ನುತ್ತಾರೆ. ಅದರಲ್ಲಿ ಕರೆಂಟಿನ ಮಾತೇ ಇಲ್ಲ! ಸಂಡೂರಿನ ಗಣಿಗಳಲ್ಲಿ ಬಂಡೆಗೆ ತೂತು ಕೊರೆದು ಮದ್ದು ತುಂಬುವುದೂ ಚಾರ್ಜಿಂಗೇ. ಹಿಂದೆ ಬಂದೂಕಿಗೆ ಮದ್ದು ತುಂಬುವುದಕ್ಕೂ ಇದೇ ಪದ ಇತ್ತು. 1740ರ ದಶಕದಲ್ಲಿ ಯುರೋಪಿನಲ್ಲಿ ಗಾಜಿನ ಜಾಡಿಯೊಳಗೆ ವಿದ್ಯುತ್ ಕೂಡಿಡುವುದನ್ನು ಕಂಡುಹಿಡಿದರು. ಜಾಡಿಗೆ ವಿದ್ಯುತ್ ತುಂಬುವುದಕ್ಕೂ ಚಾರ್ಜ್ ಅಂದರು. ನಮ್ಮ ಮೊಬೈಲಿಗೆ ಪದ ಬಂದದ್ದು ಆ ದಾರಿಯಲ್ಲಿ. ಲೈನ್‌ಮನ್ ‘ಲೈನ್ ಚಾರ್ಜ್ ಆಗೈತಿ’ ಅಂದರೆ ತಂತಿಗೆ ಕರೆಂಟ್ ಬಿಟ್ಟಿದ್ದಾರೆ ಅಂತ ಅರ್ಥ, ದೂರ ಇರಿ.

ಲಾಠಿ ಚಾರ್ಜಿನದು ಮೈಮೇಲೆ ಎರಗಿ ನುಗ್ಗುವ ಅರ್ಥ. ಕುದುರೆ ಸೈನ್ಯದವರ ಮಾತು ಅದು. ಲಾಠಿ ಸೇರಿಸಿದ್ದು ಮಾತ್ರ ನಮ್ಮ ದೇಶದಲ್ಲಿ.

ಹೊರೆ ಇಳಿಸಿದರೆ ಡಿಸ್ಚಾರ್ಜ್. ಆಸ್ಪತ್ರೆಯಿಂದ ರೋಗಿ, ಮಳೆಗಾಲದಲ್ಲಿ ತುಂಗಭದ್ರಾ ಡ್ಯಾಮಿನಿಂದ ನೀರು, ರಾತ್ರಿಯೆಲ್ಲ ರೀಲ್ಸ್ ನೋಡಿದ ಮೇಲೆ ಬ್ಯಾಟರಿ, ಎಲ್ಲಕ್ಕೂ ಒಂದೇ ಪದ.

ಪರೀಕ್ಷೆಯಲ್ಲಿ ಅರ್ಥಕ್ಕಿಂತ ಜಾಸ್ತಿ ಕಾಡೋದು ಪಕ್ಕದ ಸಣ್ಣ ಪದಗಳು. ‘ಚಾರ್ಜ್ಡ್ ವಿತ್’ ಬಂದರೆ ಆರೋಪ ಅಥವಾ ಹೊಣೆ, ‘ಚಾರ್ಜ್ಡ್ ಫಾರ್’ ಬಂದರೆ ಸಾಮಾನ್ಯವಾಗಿ ದುಡ್ಡು. ‘ಅಕ್ಯೂಸ್ಡ್’ ಆದರೆ ಮುಂದೆ ‘ಆಫ್’ ಬರುತ್ತದೆ, ಇಲ್ಲಿ ಬೆರೆಸಬೇಡಿ. ಇನ್ನೊಂದು ಕಿತಾಪತಿ: ‘ನರ್ಸ್ ಈಸ್ ಇನ್ ಚಾರ್ಜ್ ಆಫ್ ದ ಚೈಲ್ಡ್’ ಅಂದರೆ ಮಗುವನ್ನು ನೋಡಿಕೊಳ್ಳುವವಳು ನರ್ಸು. ಅದೇ ಜಾಗದಲ್ಲಿ ‘ಇನ್ ದ ಚಾರ್ಜ್ ಆಫ್’ ಬರೆದರೆ ನರ್ಸನ್ನೇ ಮಗು ನೋಡಿಕೊಳ್ಳಬೇಕು!