ಹಾಪ್ ಗೆಡ್ಡೆ ಅಗೆಯಲು ಹೋಗಿ, ಆದರೆ ಮೊದಲು ಬಾಗಿಲು ತಟ್ಟಿ

ಇಂಗ್ಲೆಂಡಿನ ಕೆಂಟ್‌ ಕೌಂಟಿಗೆ, ಅಂದರೆ ಈ ಜಿಲ್ಲೆಗೆ, ಬಂದ ಮೇಲೆ ಇದು ನಿಮ್ಮ ಮೊದಲ ಚಳಿಗಾಲ. ಕೆಲಸದ ಕಡೆ ಎಲ್ಲವೂ ಸರಿಯಿದೆ, ಆದರೆ ಶನಿವಾರ ಬಂತೆಂದರೆ ಮಾತನಾಡಲು ಯಾರೂ ಇಲ್ಲ ಎಂದು ಬರೆದಿದ್ದೀರಿ. ಮನೆಯಲ್ಲೇ ಬಿಯರ್ ತಯಾರಿಸುವ ಸಹೋದ್ಯೋಗಿಯೊಬ್ಬರು ಫೆಬ್ರವರಿ ಕೊನೆಯಲ್ಲಿ ಹೊಲದಂಚಿನ ಗಿಡಬೇಲಿಗಳಿಂದ ಕಾಡು ಹಾಪ್ ಗೆಡ್ಡೆ ಅಗೆಯಲು ನಿಮ್ಮನ್ನು ಕರೆದಿದ್ದಾರೆ. ಹಾಪ್ ಎಂದರೆ ಬಿಯರ್‌ಗೆ ಕಹಿಯನ್ನೂ ಪರಿಮಳವನ್ನೂ ಕೊಡುವ ಹೂ ಬಿಡುವ ಬಳ್ಳಿ, ಗೆಡ್ಡೆ ಎಂದರೆ ನೆಟ್ಟರೆ ಹೊಸ ಬಳ್ಳಿಯಾಗುವ ಅದರ ನೆಲದೊಳಗಿನ ಕಾಂಡ. ಅದು ಕಾನೂನಿಗೆ ಸರಿಯೇ, ಕುಡಿಯದ ನಾನು ಅಲ್ಲಿ ಹೋಗಿ ಏನು ಮಾಡಲಿ, ಇಲ್ಲಿಯವರೊಂದಿಗೆ ಬೆರೆಯುವುದು ಹೇಗೆ ಎಂದು ಕೇಳಿದ್ದೀರಿ. ನಾನು ಈ ಕೌಂಟಿಯಲ್ಲಿ ನೆಲೆಸಿ ಬಹಳ ವರ್ಷಗಳಾದವು. ಹಿತ್ತಿಲಿನಲ್ಲಿ ಹಾಪ್ ಬಳ್ಳಿಗಳಿವೆ, ಅವೂ ಬೇಲಿಯಿಂದ ಬಂದವೇ. ಹಾಗಾಗಿ ಈ ಪ್ರಶ್ನೆಗೆ ಉತ್ತರಿಸಲು ನನಗೆ ತುಂಬ ಖುಷಿ.

ಖಂಡಿತ ಹೋಗಿ. ಇಲ್ಲಿಯವರು ಪಬ್‌ಗೆ ಯಾರನ್ನು ಬೇಕಾದರೂ ಕರೆಯುತ್ತಾರೆ. ಕೆಸರಿನ ಬೂಟು ಹಾಕಿಕೊಂಡು ತಮಗೆ ಪ್ರಿಯವಾದ ಜಾಗಕ್ಕೆ ಕರೆದೊಯ್ಯುವುದು ಹಾಗಲ್ಲ, ಅದು ಮನಸ್ಸಿಗೆ ಹಿಡಿಸಿದವರಿಗೆ ಮಾತ್ರ ಸಿಗುವ ಕರೆ. ಕಾಡು ಹಾಪ್ ಎಲ್ಲಿದೆ ಎಂಬುದನ್ನು ಬಿಯರ್ ತಯಾರಿಸುವವರು ಸುಲಭವಾಗಿ ಬಾಯಿ ಬಿಡುವುದಿಲ್ಲ. ಆದರೆ ಹೊರಡುವ ಮೊದಲು ಅವರನ್ನು ಒಂದೇ ಒಂದು ಮಾತು ಕೇಳಿ: ಆ ಬೇಲಿ ಯಾರದು, ಅವರ ಅನುಮತಿ ಪಡೆದಿದ್ದೀರಾ?

ವೀಸಾ ಮೇಲೆ ಬಂದವರಿಗೆ ಇದು ಸಣ್ಣ ವಿಷಯವಲ್ಲ. ಇಂಗ್ಲೆಂಡಿನಲ್ಲಿ ಕಾಡು ಗಿಡದ ಹೂ ಕೀಳುವುದಕ್ಕೂ ಅದರ ಬುಡ ಅಗೆಯುವುದಕ್ಕೂ ಅಜಗಜಾಂತರ. ತಾನಾಗಿ ಬೆಳೆದ ಗಿಡದ ಹೂ, ಹಣ್ಣು, ಎಲೆಗಳನ್ನು ಮಾರುವುದಕ್ಕಲ್ಲದೆ ಸ್ವಂತಕ್ಕೆ ಕಿತ್ತುಕೊಂಡರೆ 1968ರ ಕಳವು ಕಾಯ್ದೆ ಅದನ್ನು ಕಳವೆಂದು ಎಣಿಸುವುದಿಲ್ಲ. ಸೆಪ್ಟೆಂಬರಿನಲ್ಲಿ ಕಾಲುದಾರಿಯ ಪಕ್ಕದ ಬೇಲಿಯಿಂದ ಒಂದು ಚೀಲ ಹಾಪ್ ಹೂ ಬಿಡಿಸಿಕೊಂಡರೆ ತೊಂದರೆಯಿಲ್ಲ. ಗೆಡ್ಡೆಯ ಕಥೆ ಬೇರೆ. ಜಮೀನಿನ ಒಡೆಯರ ಅಥವಾ ಅದನ್ನು ಅನುಭವಿಸುತ್ತಿರುವವರ ಅನುಮತಿಯಿಲ್ಲದೆ ಯಾವುದೇ ಕಾಡು ಗಿಡವನ್ನು ಉದ್ದೇಶಪೂರ್ವಕವಾಗಿ ಬುಡಸಮೇತ ಕೀಳುವುದು 1981ರ ವನ್ಯಜೀವಿ ಮತ್ತು ಗ್ರಾಮೀಣ ಪ್ರದೇಶ ಕಾಯ್ದೆಯಡಿ ಅಪರಾಧ. ಒಂದು ತುಂಡು ತಾನೇ, ಬುಡ ಅಲ್ಲಿಯೇ ಇರುತ್ತದಲ್ಲ ಎಂಬ ವಾದವನ್ನು ಪೊಲೀಸರ ಮುಂದೆ ಮಂಡಿಸುವ ಪರಿಸ್ಥಿತಿಯನ್ನೇ ತಂದುಕೊಳ್ಳಬೇಡಿ. ಸಾರ್ವಜನಿಕ ಕಾಲುದಾರಿ ಎಂದು ನಕ್ಷೆಯಲ್ಲಿ ಇದ್ದರೂ ಅದು ಕೊಡುವುದು ನಡೆಯುವ ಹಕ್ಕನ್ನು ಮಾತ್ರ, ಅಗೆಯುವ ಹಕ್ಕನ್ನಲ್ಲ. ರಸ್ತೆ ಬದಿಯ ಬೇಲಿಯೂ ಸಾಮಾನ್ಯವಾಗಿ ಪಕ್ಕದ ಜಮೀನಿನವರದೇ, ಯಾರದೆಂದು ಗೊತ್ತಾಗದಿದ್ದರೆ ಕೌಂಟಿ ಕೌನ್ಸಿಲ್ ಅನ್ನು ವಿಚಾರಿಸಬೇಕು. ನಿಸರ್ಗಧಾಮಗಳಲ್ಲಿ, ವಿಶೇಷ ವೈಜ್ಞಾನಿಕ ಮಹತ್ವದ ತಾಣಗಳೆಂದು ಘೋಷಿಸಿದ ಕಡೆಗಳಲ್ಲಿ ಗೆಡ್ಡೆಯ ಯೋಚನೆಯನ್ನೇ ಬಿಡಿ.

ಬಾಗಿಲು ತಟ್ಟುವುದಕ್ಕೆ ನಮ್ಮವರು ಹಿಂಜರಿಯುತ್ತಾರೆ. ಮುಖ ನೋಡಿ ಬೈದರೆ, ಅನುಮಾನಪಟ್ಟರೆ ಎಂಬ ಅಳುಕು ನನಗೆ ಅರ್ಥವಾಗುತ್ತದೆ. ಆದರೂ ಹೋಗಬೇಕು, ಹಗಲು ಹೊತ್ತಿನಲ್ಲಿ ಹೋಗಬೇಕು, ಗುದ್ದಲಿಯನ್ನು ಕಾರಿನಲ್ಲೇ ಬಿಟ್ಟು ಹೋಗಬೇಕು. ಹೆಸರು ಹೇಳಿ, ಎಲ್ಲಿ ವಾಸ ಎಂದು ಹೇಳಿ, ಯಾವ ಬೇಲಿ, ಎಷ್ಟು ಬೇಕು, ಏಕೆ ಬೇಕು ಎಂಬುದನ್ನು ನೇರವಾಗಿ ಹೇಳಿ. ನನ್ನ ಬಳ್ಳಿಗಳು ಬಂದ ಹೊಲದ ಒಡೆಯರು ಎಂಬತ್ತು ದಾಟಿದ ರೈತ. ನಾನು ಕೇಳಿದ್ದಕ್ಕೆ ಹೌದು ಎಂದೂ ಹೇಳಲಿಲ್ಲ, ಇಲ್ಲ ಎಂದೂ ಹೇಳಲಿಲ್ಲ. ಒಳಗೆ ಹೋಗಿ ಬೂಟು ಹಾಕಿಕೊಂಡು ಬಂದು, ಕೋಲೂರಿಕೊಂಡು ಮುಂದೆ ನಡೆದರು. ನಾನು ಗುರುತು ಮಾಡಿದ್ದ ಬಳ್ಳಿಯನ್ನು ನೋಡಿ, ಇದು ಬೇಡ, ಇದರ ಹೂವಿಗೆ ವಾಸನೆಯೇ ಇಲ್ಲ ಎಂದು ಬೇಲಿಯ ಆ ತುದಿಗೆ ಕರೆದೊಯ್ದರು. ಅವರ ಬಾಲ್ಯದಲ್ಲಿ ಆ ಹೊಲವೆಲ್ಲ ಹಾಪ್ ತೋಟವಾಗಿತ್ತಂತೆ, ಲಂಡನ್ನಿನ ಈಸ್ಟ್ ಎಂಡ್‌ನಿಂದ ಕುಟುಂಬಗಳು ಹೂ ಬಿಡಿಸಲು ಬಂದು ಗುಡಿಸಲುಗಳಲ್ಲಿ ತಂಗುತ್ತಿದ್ದವಂತೆ. ಯಂತ್ರಗಳು ಬಂದ ಮೇಲೆ ಅದು ನಿಂತುಹೋಯಿತು. ಈಗಲೂ ವರ್ಷಕ್ಕೊಮ್ಮೆ ಅವರ ಮನೆಗೆ ಹೋಗುತ್ತೇನೆ. ಇಲ್ಲಿಯವರೊಂದಿಗೆ ಬೆರೆಯುವುದು ಹೇಗೆಂದು ಕೇಳಿದ್ದೀರಲ್ಲ, ನನಗೆ ಗೊತ್ತಿರುವ ದಾರಿ ಇದು: ಅವರಿಗೆ ಗೊತ್ತಿರುವ ಒಂದು ವಿಷಯವನ್ನು ಅವರ ಬಳಿಯೇ ಹೋಗಿ ಕೇಳುವುದು.

ಆ ರೈತರು ಹೇಳಿದ್ದು ಈ ಕೌಂಟಿಯ ಬೇಲಿಗಳಿಗೆಲ್ಲ ಅನ್ವಯಿಸುತ್ತದೆ. ಇಂಗ್ಲೆಂಡಿನಲ್ಲಿ 1878ರ ಹೊತ್ತಿಗೆ 70,000 ಎಕರೆಗೂ ಹೆಚ್ಚು ಹಾಪ್ ಬೆಳೆಯುತ್ತಿದ್ದರು. ಈಗ ಉಳಿದಿರುವುದು ಅದರ ಒಂದು ಚೂರು. ತೋಟಗಳು ಹೋದರೂ ಬಳ್ಳಿಗಳು ಬೇಲಿಗೆ ದಾಟಿಕೊಂಡು ಉಳಿದವು. ಆದ್ದರಿಂದ ಕೆಂಟಿನ ಕಾಡು ಹಾಪ್ ಎಂದರೆ ಕೆಲವೊಮ್ಮೆ ನಿಜಕ್ಕೂ ಕಾಡಿನದು, ಕೆಲವೊಮ್ಮೆ ತೋಟದಿಂದ ತಪ್ಪಿಸಿಕೊಂಡ ಫಗಲ್ ಅಥವಾ ಗೋಲ್ಡಿಂಗ್ ತಳಿ, ಬಹಳ ಸಲ ಕಾಡಿನದೂ ತೋಟದ್ದೂ ಬೆರೆತ ಬೀಜದಿಂದ ಹುಟ್ಟಿದ ಹೊಸದೇ ಒಂದು ಬಳ್ಳಿ. ಬೀಜದಿಂದ ಹುಟ್ಟಿದ ಪ್ರತಿಯೊಂದು ಬಳ್ಳಿಯ ಗುಣವೂ ಬೇರೆ. ಬಿಯರ್ ತಯಾರಿಸುವವರು ಇದಕ್ಕೆ ಮರುಳಾಗುವುದು ಸುಮ್ಮನೆ ಅಲ್ಲ. ಕೆನಡಾದ ಮ್ಯಾನಿಟೋಬಾದ ಒಂದು ಕಾಡು ಹಾಪ್ ತುಂಡು 1916ರಲ್ಲಿ ಇಲ್ಲಿಯ ವೈ ಕೃಷಿ ಕಾಲೇಜಿಗೆ ಬಂತು. ಪ್ರೊಫೆಸರ್ ಅರ್ನೆಸ್ಟ್ ಸಾಲ್ಮನ್ ಅದರ ಬೀಜದಿಂದ ಬ್ರೂವರ್ಸ್ ಗೋಲ್ಡ್ ತಳಿಯನ್ನು ಎಬ್ಬಿಸಿದರು. ಇಂದು ಜಗತ್ತಿನಲ್ಲಿ ಬೆಳೆಯುವ ಅನೇಕ ಕಹಿ ತಳಿಗಳ ವಂಶವೃಕ್ಷ ಆ ಒಂದು ಕಾಡು ಬಳ್ಳಿಗೆ ಹೋಗಿ ಮುಟ್ಟುತ್ತದೆ.

ಈಗ ಗುರುತಿಸುವ ವಿಷಯ. ಇದರಲ್ಲಿ ಎಚ್ಚರ ತಪ್ಪುವಂತಿಲ್ಲ. ಬೇಸಿಗೆಯಲ್ಲಾದರೆ ಹಾಪ್ ಎಲೆ ನಿಮಗೆ ಕೂಡಲೇ ಗೊತ್ತಾಗುತ್ತದೆ. ಹಿಪ್ಪುನೇರಳೆ ಎಲೆಯ ಹಾಗೆ ಸೀಳಿಕೊಂಡು, ಅಂಚು ಗರಗಸವಾಗಿ, ಮುಟ್ಟಿದರೆ ಒರಟು. ಫೆಬ್ರವರಿಯಲ್ಲಿ ಎಲೆಯಿಲ್ಲ. ಒಣಗಿದ ಕಂದು ಬಳ್ಳಿ ಮಾತ್ರ ಬೇಲಿಯ ಮೇಲೆ ಜೋತುಬಿದ್ದಿರುತ್ತದೆ, ಮೇಲಿನಿಂದ ನೋಡಿದರೆ ಗಡಿಯಾರದ ಮುಳ್ಳಿನ ದಿಕ್ಕಿಗೇ ಸುತ್ತಿಕೊಂಡಿರುತ್ತದೆ. ಬೆರಳಾಡಿಸಿದರೆ ಸಣ್ಣ ಕೊಕ್ಕೆಗಳು ಚರ್ಮಕ್ಕೆ ಹಿಡಿಯುತ್ತವೆ. ಅದೇ ಬೇಲಿಯಲ್ಲಿ ವೈಟ್ ಬ್ರಯನಿ, ಬ್ಲ್ಯಾಕ್ ಬ್ರಯನಿ ಎಂಬ ಎರಡು ಬಳ್ಳಿಗಳೂ ಇರುತ್ತವೆ. ಎರಡರ ಗೆಡ್ಡೆಯೂ ವಿಷ. ವೈಟ್ ಬ್ರಯನಿಯ ಬಳ್ಳಿಯಲ್ಲಿ ಆಸರೆ ಹಿಡಿಯುವ ಸುರುಳಿ ತಂತುಗಳಿರುತ್ತವೆ, ಹಾಪ್‌ಗೆ ತಂತುಗಳೇ ಇಲ್ಲ. ಬ್ರಯನಿಗಳ ಗೆಡ್ಡೆ ದಪ್ಪಗೆ, ಮಾಂಸಲವಾಗಿ ನೆಲದಾಳಕ್ಕೆ ಇಳಿದಿರುತ್ತದೆ. ಅಂಥದ್ದು ಕಂಡರೆ ಮುಚ್ಚಿಬಿಡಿ.

ಹಾಪ್‌ನಲ್ಲಿ ಗಂಡು ಬಳ್ಳಿ ಬೇರೆ, ಹೆಣ್ಣು ಬಳ್ಳಿ ಬೇರೆ. ಬಿಯರ್‌ಗೆ ಬೇಕಾದ ಹೂ ಬಿಡುವುದು ಹೆಣ್ಣು ಮಾತ್ರ. ಗೆಡ್ಡೆ ತಾಯಿಬಳ್ಳಿಯ ಯಥಾಪ್ರತಿಯಾದ್ದರಿಂದ, ಅಗೆಯುವ ಮುನ್ನವೇ ತಾಯಿ ಹೆಣ್ಣೆಂದು ಖಚಿತವಾಗಬೇಕು. ಒಣಬಳ್ಳಿಯ ತುದಿಗಳಲ್ಲಿ ಕಾಗದದಂಥ ಕಂದು ಹೂಗಳು ಇನ್ನೂ ಅಂಟಿಕೊಂಡಿವೆಯೇ ನೋಡಿ. ಇದ್ದರೆ ಹೆಣ್ಣು. ಏನೂ ಇಲ್ಲದಿದ್ದರೆ ಬಿಟ್ಟುಬಿಡಿ. ಆಗಸ್ಟ್ ಕೊನೆಯಲ್ಲೋ ಸೆಪ್ಟೆಂಬರಿನಲ್ಲೋ ಬಂದು, ಹೂವನ್ನು ಸೀಳಿ, ಎಸಳುಗಳ ಬುಡದ ಹಳದಿ ಪುಡಿಯನ್ನು ಬೆರಳಲ್ಲಿ ಉಜ್ಜಿ ಮೂಸಿ ನೋಡಿ, ಹಿಡಿಸಿದ ಬಳ್ಳಿಗೆ ಒಂದು ದಾರ ಕಟ್ಟಿ ಹೋಗುವುದು ಇನ್ನೂ ಒಳ್ಳೆಯ ಕ್ರಮ. ಕಹಿಯೂ ಪರಿಮಳವೂ ಇರುವುದು ಆ ಹಳದಿ ಪುಡಿಯಲ್ಲೇ. ನಿಮ್ಮ ಸಹೋದ್ಯೋಗಿ ಹಾಗೆ ದಾರ ಕಟ್ಟಿದ್ದಾರೆಯೇ ಎಂದು ಕೇಳಿ, ಕಟ್ಟಿದ್ದರೆ ಅವರು ಕೆಲಸ ಬಲ್ಲವರು.

ಅಗೆಯುವಾಗ ಬುಡಕ್ಕೇ ಗುದ್ದಲಿ ಹಾಕಬೇಡಿ. ಅರ್ಧ ಮೀಟರ್ ಆಚೆ, ಹೊಲದ ಕಡೆಯಿಂದ, ಮಣ್ಣನ್ನು ಮೆಲ್ಲಗೆ ಸಡಿಲಿಸುತ್ತಾ ಬನ್ನಿ. ನೆಲಕ್ಕೆ ಸಮಾನಾಂತರವಾಗಿ ಹರಿದಿರುವ, ಬೆರಳು ದಪ್ಪದ, ಅಲ್ಲಲ್ಲಿ ಗಿಣ್ಣುಗಳಿರುವ ಕಾಂಡ ಸಿಗುತ್ತದೆ. ಕೆಸರನ್ನು ಹೆಬ್ಬೆರಳಿನಿಂದ ಒರೆಸಿದರೆ ಗಿಣ್ಣಿನಲ್ಲಿ ಬಿಳಿಯ, ಕೆಲವೊಮ್ಮೆ ನಸುಗೆಂಪು ತುದಿಯ ಕಣ್ಣುಗಳು ಕಾಣುತ್ತವೆ. ನಿಮಗೆ ಬೇಕಾದದ್ದು ಅದು. ಕಣ್ಣಿಲ್ಲದೆ ನೇರ ಕೆಳಗಿಳಿದಿರುವುದು ಬರಿಯ ಬೇರು, ನೆಟ್ಟರೆ ಚಿಗುರುವುದಿಲ್ಲ. ಹತ್ತು ಹದಿನೈದು ಸೆಂಟಿಮೀಟರ್ ಉದ್ದದ, ಕನಿಷ್ಠ ಎರಡು ಕಣ್ಣಿರುವ ತುಂಡನ್ನು ಹರಿತವಾದ ಕತ್ತರಿಯಿಂದ ಕತ್ತರಿಸಿ. ಒಂದು ಬಳ್ಳಿಯಿಂದ ಒಂದೆರಡು ತುಂಡು ಸಾಕು. ಮಣ್ಣು ಮುಚ್ಚಿ ತುಳಿದು, ಬಂದ ಗುರುತೂ ಇಲ್ಲದ ಹಾಗೆ ಮಾಡಿ ಹೊರಡಿ. ಒದ್ದೆ ಪತ್ರಿಕೆಯಲ್ಲಿ ಸುತ್ತಿ ಚೀಲದಲ್ಲಿಟ್ಟರೆ ಫ್ರಿಜ್‌ನಲ್ಲಿ ಕೆಲವು ವಾರ ಹಾಳಾಗುವುದಿಲ್ಲ. ದಪ್ಪ ಕೈಗವಸು ಮರೆಯಬೇಡಿ, ಬೇಲಿಯ ಬ್ಲ್ಯಾಕ್‌ಥಾರ್ನ್ ಗಿಡದ ಮುಳ್ಳು ಚುಚ್ಚಿದರೆ ಕೀವಾಗುವುದುಂಟು. ಹೊಲದ ಗೇಟು ತೆರೆದಿದ್ದರೆ ತೆರೆದೇ ಬಿಡಿ, ಮುಚ್ಚಿದ್ದರೆ ಮುಚ್ಚಿ.

ಇನ್ನೊಂದು ಮಾತನ್ನು ಒತ್ತಿ ಹೇಳುತ್ತೇನೆ. ಕೆಂಟ್‌ನಲ್ಲಿ ಇನ್ನೂ ಹಾಪ್ ಬೆಳೆದು ಬದುಕುವ ರೈತರಿದ್ದಾರೆ. ವರ್ಟಿಸಿಲಿಯಂ ಎಂಬ ಶಿಲೀಂಧ್ರದಿಂದ ಬರುವ ಸೊರಗು ರೋಗ ಅವರ ದೊಡ್ಡ ಭಯ. ಇಂಗ್ಲೆಂಡಿನಲ್ಲಿ ಅದು ಮೊದಲು ಕಂಡದ್ದು 1924ರಲ್ಲಿ, ಇದೇ ಕೆಂಟಿನ ಪೆನ್ಸ್‌ಹರ್ಸ್ಟ್‌ನಲ್ಲಿ. ರೋಗ ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ, ಬೂಟಿಗೆ ಅಂಟಿದ ಕೆಸರಿನಲ್ಲಿ, ಗುದ್ದಲಿಯಲ್ಲಿ, ಗೆಡ್ಡೆಯ ಒಳಗೇ ಸಾಗುತ್ತದೆ. ಗೆಡ್ಡೆ ಅಗೆದ ಬೂಟಿನಲ್ಲೇ ಯಾವ ಹಾಪ್ ತೋಟಕ್ಕೂ ಕಾಲಿಡಬೇಡಿ. ಸಲಕರಣೆಗಳನ್ನು ತೊಳೆದು ಒಣಗಿಸಿ. ನಿಮ್ಮ ಮನೆಯ ಪಕ್ಕದಲ್ಲೇ ಹಾಪ್ ತೋಟವಿದ್ದರೆ ಕಾಡು ಗೆಡ್ಡೆ ನೆಡಲೇಬೇಡಿ, ನರ್ಸರಿಯಿಂದ ಆರೋಗ್ಯ ಪ್ರಮಾಣಿತ ಸಸಿ ತನ್ನಿ. ಒಂದು ಹವ್ಯಾಸಕ್ಕಾಗಿ ಮತ್ತೊಬ್ಬರ ಹೊಟ್ಟೆಪಾಡನ್ನು ಅಪಾಯಕ್ಕೆ ಒಡ್ಡುವ ಹಕ್ಕು ನಮಗಿಲ್ಲ. ಊರಿಗೆ ಹೋಗುವಾಗ ತುಂಡೊಂದನ್ನು ಪೆಟ್ಟಿಗೆಯಲ್ಲಿ ಹಾಕಿಕೊಳ್ಳುವ ಆಸೆಯೂ ಬೇಡ. ಅದು ಸಸ್ಯ ಕ್ವಾರಂಟೈನ್ ನಿಯಮಕ್ಕೆ ವಿರುದ್ಧ, ಮೇಲಾಗಿ ಹಾಪ್‌ಗೆ ಚಳಿಗಾಲದ ನಿದ್ದೆಯೂ ಬೇಸಿಗೆಯ ದೀರ್ಘ ಹಗಲೂ ಬೇಕು.

ಕುಡಿಯುವುದಿಲ್ಲ ಎಂಬ ನಿಮ್ಮ ಸಂಕೋಚಕ್ಕೆ ಬರುತ್ತೇನೆ. ಮೊದಲ ದಿನವೇ ಒಂದೇ ವಾಕ್ಯದಲ್ಲಿ ಹೇಳಿಬಿಡಿ, ಕಾರಣ ವಿವರಿಸುವ ಅಗತ್ಯವಿಲ್ಲ. ಇಲ್ಲಿ ಒತ್ತಾಯಿಸುವವರು ಕಡಿಮೆ. ಬಿಯರ್ ತಯಾರಿಕೆಯ ಬಹುಪಾಲು ಕುಡಿಯುವುದಲ್ಲ, ದುಡಿಯುವುದು: ಪಾತ್ರೆ ತೊಳೆಯುವುದು, ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ನೆನೆಸುವುದು, ಉಷ್ಣತೆ ನೋಡುವುದು, ಕುದಿಸುವುದು. ಕಹಿಯನ್ನು ಹೊರತೆಗೆಯಲು ಹಾಪ್ ಸುಮಾರು ಒಂದು ಗಂಟೆ ಕುದಿಯಬೇಕು, ಪರಿಮಳ ಉಳಿಯಬೇಕಾದರೆ ಕೊನೆಯ ಐದು ನಿಮಿಷಕ್ಕೆ ಹಾಕಬೇಕು. ಕಾಡು ಹಾಪ್‌ನ ಕಹಿ ಎಷ್ಟೆಂದು ಅಳೆದವರಿಲ್ಲ, ಆದ್ದರಿಂದ ಕಹಿಗೆ ಅಂಗಡಿಯ ಹಾಪ್, ಪರಿಮಳಕ್ಕೆ ಬೇಲಿಯದು ಎಂಬ ಪದ್ಧತಿಯೇ ಸುರಕ್ಷಿತ. ಆ ಕುದಿಯ ಹಬೆಯಲ್ಲಿ ನಿಂತು ಮಾತನಾಡಲು ಗ್ಲಾಸು ಹಿಡಿಯಬೇಕಿಲ್ಲ. ಕಾನೂನಿನ ದೃಷ್ಟಿಯಿಂದಲೂ ಹೆದರಿಕೆಯಿಲ್ಲ. ಮನೆಯಲ್ಲಿ ಬಿಯರ್ ಮಾಡಲು ಬೇಕಾಗಿದ್ದ ಪರವಾನಗಿ 1963ರಲ್ಲೇ ರದ್ದಾಯಿತು. ಸ್ವಂತ ಬಳಕೆಗೆ ಎಷ್ಟಾದರೂ ಮಾಡಬಹುದು, ಒಂದು ಬಾಟಲಿಯನ್ನೂ ಮಾರುವಂತಿಲ್ಲ. ಅವರ ಮನೆಯಲ್ಲಿ ನಾಯಿಯಿದ್ದರೆ ಮಾತ್ರ ಕುದಿಸಿದ ಹಾಪ್ ಚರಟ ಅದರ ಬಾಯಿಗೆ ಸಿಗದಂತೆ ನೋಡಿಕೊಳ್ಳಿ, ನಾಯಿಯ ಮೈ ವಿಪರೀತ ಕಾದು ಪ್ರಾಣಕ್ಕೇ ಎರವಾಗುತ್ತದೆ.

ನಿಮ್ಮ ಪಾಲಿಗೂ ಒಂದು ತುಂಡು ಸಿಕ್ಕರೆ ನೆಟ್ಟುಬಿಡಿ. ಬಾಡಿಗೆ ಮನೆಯಾದರೆ ಮಾಲೀಕರಿಗೆ ತಿಳಿಸಿ, ದೊಡ್ಡ ಕುಂಡದಲ್ಲಿ ನೆಡಿ, ಇಲ್ಲವಾದರೆ ಎರಡು ಮೂರು ವರ್ಷದಲ್ಲಿ ಹಿತ್ತಿಲೆಲ್ಲ ಅದರದೇ ಆಗುತ್ತದೆ. ಕಣ್ಣು ಮೇಲ್ಮುಖವಾಗಿರುವಂತೆ ಅಡ್ಡಲಾಗಿ ಮಲಗಿಸಿ, ಮೇಲೆ ಐದು ಸೆಂಟಿಮೀಟರ್ ಮಣ್ಣು ಮುಚ್ಚಿದರೆ ಸಾಕು. ಬಿಸಿಲು ಬೀಳುವ ಗೋಡೆ, ಹತ್ತಲು ಎತ್ತರದ ಹಗ್ಗ ಬೇಕು. ಜೂನ್ ತಿಂಗಳಿನಲ್ಲಿ ಅದು ಬೆಳೆಯುವ ವೇಗ ನೋಡಿದರೆ ಬೆರಗಾಗುತ್ತೀರಿ. ಮೊದಲ ವರ್ಷ ಹೂವಿನ ಆಸೆ ಇಟ್ಟುಕೊಳ್ಳಬೇಡಿ, ತುಂಬು ಫಸಲು ಮೂರನೆಯ ವರ್ಷಕ್ಕೆ. ಕುಡಿಯದವರಿಗೂ ಅದರಿಂದ ಉಪಯೋಗವಿದೆ. ಏಪ್ರಿಲ್‌ನ ಎಳೆ ಚಿಗುರನ್ನು ಬೇಯಿಸಿ ತಿನ್ನುತ್ತಾರೆ, ಹೂಬಳ್ಳಿಯನ್ನು ಒಣಗಿಸಿ ಇಲ್ಲಿಯ ಹಳೆಯ ಮನೆಗಳ, ಪಬ್‌ಗಳ ತೊಲೆಗೆ ತೋರಣದಂತೆ ಕಟ್ಟುತ್ತಾರೆ.

ಸಮಯ ಮಾತ್ರ ಕಡಿಮೆಯಿದೆ. ಮಾರ್ಚ್ ಮುಗಿಯುವಷ್ಟರಲ್ಲಿ ಕಣ್ಣುಗಳು ಒಡೆದು ಚಿಗುರು ಮಣ್ಣಿನ ಮೇಲೆ ಬರುತ್ತದೆ, ಹಕ್ಕಿಗಳೂ ಬೇಲಿಯಲ್ಲಿ ಗೂಡು ಕಟ್ಟಲು ತೊಡಗುತ್ತವೆ, ಆಮೇಲೆ ಅಲ್ಲಿ ಕೈ ಹಾಕಬಾರದು. ಸಹೋದ್ಯೋಗಿಯವರು ಅನುಮತಿ ಕೇಳಿಲ್ಲವಾದರೆ ಈ ವಾರಾಂತ್ಯದಲ್ಲೇ ಇಬ್ಬರೂ ಸೇರಿ ಆ ಬೇಲಿಯ ಒಡೆಯರ ಮನೆಗೆ ಹೋಗಿ ಬನ್ನಿ. ಅವರು ಬೇಡವೆಂದರೆ ಒಪ್ಪಿಕೊಂಡು, ಸೆಪ್ಟೆಂಬರಿನಲ್ಲಿ ಕಾಲುದಾರಿಯಿಂದ ಹೂ ಬಿಡಿಸಿಕೊಳ್ಳುತ್ತೇವೆ ಎಂದು ಹೇಳಿ ಬನ್ನಿ.