ಕೊನೆಯ ರೊಟ್ಟಿ

ಸಕ್ಕರೆ ಕಾಯಿಲೆ, ಬಿಪಿ, ಜೊತೆಗೆ ಮಂಡಿನೋವು. ವಯಸ್ಸು ಐವತ್ತು ದಾಟಿದೆ. ಸಕಲೇಶಪುರದ ಕಡೆಯ ಸಣ್ಣ ಕಾಫಿ ತೋಟದ ಮನೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.

ಇನ್ಸುಲಿನ್ ತಗೊಳ್ಳುತ್ತಿಲ್ಲ ಅಂತ ಮಗ ತಾಯಿಯನ್ನು ಹಾಸನಕ್ಕೆ, ರೋಗಿಗಳಿಗೆ ಸಲಹೆ ಕೊಡುವ ನನ್ನ ಹತ್ತಿರ ಕರೆತಂದಿದ್ದರು. "ಸೂಜಿ ಅಂದ್ರೆ ಭಯ ಮೇಡಂ, ಹಠ ಬೇರೆ. ನೀವೇ ಸ್ವಲ್ಪ ಬುದ್ಧಿ ಹೇಳಿ."

ಬುದ್ಧಿ ಹೇಳುವವರು ಆಗಲೇ ಬೇಕಾದಷ್ಟು ಜನ ಇದ್ದರು. ಮಗನನ್ನು ಹೊರಗೆ ಕೂರಿಸಿ, "ಬೆಳಿಗ್ಗೆ ಎದ್ದಾಗಿನಿಂದ ಏನೇನು ಕೆಲಸ ಹೇಳಿ ಅಮ್ಮ" ಎಂದೆ.

ಕೊಯ್ಲಿನ ಕಾಲ. ಏಳೂವರೆಗೆ ಚುಚ್ಚಿಕೊಳ್ಳುತ್ತಿದ್ದರು. ಅರ್ಧ ಗಂಟೆಯಲ್ಲಿ ತಿಂಡಿ ತಿನ್ನಬೇಕು, ಅದೂ ಗೊತ್ತು. ಆದರೆ ಮೊದಲು ಯಜಮಾನರಿಗೆ ಅಕ್ಕಿ ರೊಟ್ಟಿ, ಮಾವನವರಿಗೆ ಗಂಜಿ, ಆಳುಗಳಿಗೆ ಕಾಫಿ. "ಎಲ್ರದ್ದೂ ಮುಗಿಸಿ ನಾನು ತಟ್ಟೆ ಹಿಡಿಯೋ ಹೊತ್ತಿಗೆ ಒಂಬತ್ತೂವರೆ. ಒಂದಿನ ಒಲೆ ಮುಂದೇನೇ ಕೈ ನಡುಗಿ, ಬೆವೆತು, ಕಣ್ಣು ಕತ್ತಲೆ ಬಂದು ಕೂತುಬಿಟ್ಟೆ. ಉರಿಯೋ ಒಲೆ ಮೇಡಂ. ಅವತ್ತಿಂದ ಬಿಟ್ಟೆ."

ಇನ್ಸುಲಿನ್ ಚುಚ್ಚಿಕೊಂಡು ಹೊತ್ತಿಗೆ ತಿನ್ನದೆ ರಕ್ತದ ಸಕ್ಕರೆ ಕುಸಿದಿತ್ತು. ಮನೆಯಲ್ಲಿ ಹೇಳಿರಲಿಲ್ಲ. "ಹೇಳಿದ್ರೆ ಅಡುಗೆ ಯಾರು ಮಾಡ್ತಾರೆ?"

ಇದರ ಮೇಲೆ ತಿಂಗಳಿಗೆ ಮೂರು ಸಲ ಹಾಸನ. ಸಕ್ಕರೆಗೆ ಒಂದು ದಿನ, ಮಂಡಿಗೆ ಒಂದು ದಿನ, ರಕ್ತ ಪರೀಕ್ಷೆಗೆ ಮತ್ತೊಂದು. 2023ರಿಂದ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತ, ನಿಜ. ಆದರೆ ದಿನ ಹೋಯಿತಲ್ಲ! ಮದುವೆಗಳಿಗೆ ಹೋಗುವುದನ್ನೂ ಬಿಟ್ಟಿದ್ದರು. ಸೀರೆ ಸರಿಸಿ ಎಲ್ಲಿ ಚುಚ್ಚಿಕೊಳ್ಳುವುದು ಎಂಬ ಸಂಕೋಚ. ಈ ಕೆಲಸಗಳೆಲ್ಲ ಡಾಕ್ಟರ ಚೀಟಿಯಲ್ಲಿ ಇರುವುದಿಲ್ಲ.

ಮಗನನ್ನು ಒಳಗೆ ಕರೆದೆ. ಬುದ್ಧಿ ಹೇಳಿದ್ದು ಅವರಿಗೇ. ಮೊದಲ ರೊಟ್ಟಿ ಅಮ್ಮನಿಗೆ. ಔಷಧಿ ತರುವುದು, ಪರೀಕ್ಷೆಯ ದಿನ ನೆನಪಿಡುವುದು ನಿಮ್ಮ ಪಾಲು. ಒಲೆ ಪಕ್ಕ ಸಕ್ಕರೆ ಡಬ್ಬಿ ಇರಲಿ. ನಡುಕ ಬಂದರೆ ಮೂರು ಟೀ ಚಮಚ ನೀರಿಗೆ ಕದಡಿ ಕುಡಿಸಿ, 15 ನಿಮಿಷದಲ್ಲಿ ಸರಿಹೋಗದಿದ್ದರೆ ಇನ್ನೊಮ್ಮೆ. ಎಚ್ಚರ ತಪ್ಪಿದ್ದರೆ ಮಾತ್ರ ಬಾಯಿಗೆ ಏನೂ ಹಾಕಬೇಡಿ, ಆಸ್ಪತ್ರೆಗೆ ಕರೆದೊಯ್ಯಿರಿ.

ಹಳೆಯ ಡೋಸನ್ನು ತಾವಾಗಿಯೇ ಶುರು ಮಾಡಬೇಡಿ ಅಂತಲೂ ಹೇಳಿದೆ. ಕುಸಿದ ಸಂಗತಿ, ತಿಂಡಿಯ ಹೊತ್ತು ಎರಡನ್ನೂ ಬರೆದು ಡಾಕ್ಟರಿಗೆ ಕೊಟ್ಟು ಕಳಿಸಿದೆ. ಮೂರೂ ಕೆಲಸ ಒಂದೇ ದಿನಕ್ಕೆ ಹಾಕಲು ಆಗುತ್ತದಾ ಎಂದೂ ಕೇಳಿದ್ದೆ. ಎರಡು ಒಂದೇ ದಿನಕ್ಕೆ ಬಂದವು.

ಡೋಸ್ ಬದಲಾಗಿದೆ, ಈಗ ತಗೊಳ್ಳುತ್ತಿದ್ದಾರೆ. ಮೊದಲ ರೊಟ್ಟಿ ಸಿಗುವುದು ವಾರಕ್ಕೆ ನಾಲ್ಕು ದಿನವಂತೆ. ಉಳಿದ ದಿನ ಮಾವನವರಿಗೆ ಸಿಟ್ಟು. ಮುಂದಿನ ಸಲ ಯಜಮಾನರನ್ನೂ ಕರೆದುಕೊಂಡು ಬನ್ನಿ ಎಂದಿದ್ದೇನೆ.